ಜುಲೇಖಕ್ಕನ ನೊಣಹಿಡುಕ

ಜುಲೇಖಕ್ಕನ ಹಕ್ಕಿ ಹಾರಿಹೋಗಲಿಲ್ಲ. ನನ್ನ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರೇ, ಹಸಿದು ಸತ್ತಿತು. ನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡೇ ಬಂದಿದ್ದೇನೆ.

ಗಲ್ಫಿನಲ್ಲಿ, ಅಲ್ ಸದ್ದ್ ಬಡಾವಣೆಯಲ್ಲಿ ನಮ್ಮದು ಎದುರುಬದುರು ಫ್ಲ್ಯಾಟು. ಅವರು ಪುತ್ತೂರಿನ ಬ್ಯಾರಿಗಳು, ನಾವು ಉಡುಪಿ ಕಡೆಯ ಭಟ್ಟರು. ಹಕ್ಕಿ ಜುಲೇಖಕ್ಕನ ಗಂಡ ಹಮೀದಣ್ಣನದು — ಇಂಡೋನೇಷ್ಯಾದ ಗೆಳೆಯನೊಬ್ಬ ಊರಿಗೆ ಮರಳುವಾಗ ಕೊಟ್ಟುಹೋದದ್ದು. ಅಲ್ಲಿಯ ಯಾವುದೋ ದ್ವೀಪದ ಕಾಡಿನ ನೀಲಿ ನೊಣಹಿಡುಕ, ಮುಷ್ಟಿಯಷ್ಟೂ ಇರಲಿಲ್ಲ. ಹಮೀದಣ್ಣನ ತಾಯಿಗೆ ಕಾಯಿಲೆಯೆಂದು ಇಬ್ಬರೂ ಊರಿಗೆ ಹೊರಟಾಗ ಜುಲೇಖಕ್ಕ ಪಂಜರವನ್ನೂ ಜೀವಂತ ಹುಳಗಳ ಡಬ್ಬಿಯನ್ನೂ ತಂದಿಟ್ಟರು.

"ಇದಕ್ಕೆ ಹುಳ ಬಿಟ್ರೆ ಬೇರೆ ಎಂತದೂ ಆಗುದಿಲ್ಲ ಮಾರಾಯ್ತಿ. ನಿಮಗೆ ಅಸಹ್ಯ ಆಗುದಾದ್ರೆ ಹೇಳಿ, ಬೇರೆಯವರಿಗೆ ಕೊಡ್ತೇನೆ."

"ಛೆ, ಎಂತ ಅಸಹ್ಯ!" ಎಂದೆ. ಯಾಕೆ ಹಾಗೆಂದೆ? ಮಡಿ ಹೆಂಗಸು ಎಂದುಕೊಂಡಾರೆಂಬ ಹೆದರಿಕೆಯೋ, ಒಳ್ಳೆಯವಳೆನಿಸಿಕೊಳ್ಳುವ ಚಪಲವೋ — ಇಂದಿಗೂ ಗೊತ್ತಿಲ್ಲ.

ಎರಡು ದಿನ ಇಕ್ಕಳದಲ್ಲಿ ಹಿಡಿದು ಹಾಕಿದೆ. ಮೂರನೆಯ ದಿನ ಏಕಾದಶಿ. ಉಪವಾಸದ ದಿನ ಜೀವ ತೆಗೆಯುವುದೇ? ಡಬ್ಬಿಯನ್ನು ಒಯ್ದು ಪಾರ್ಕಿನ ಪೊದೆಯ ಬುಡದಲ್ಲಿ ಬರಿದು ಮಾಡಿದೆ. ಹಕ್ಕಿಗೆ ನೆನೆಸಿದ ಹೆಸರುಕಾಳು, ಅವಲಕ್ಕಿ ಇಟ್ಟೆ. ಹಸಿವಾದರೆ ತಾನಾಗಿಯೇ ತಿನ್ನುತ್ತದೆ ಅಂದುಕೊಂಡೆ. ಪುಣ್ಯ ಕಟ್ಟಿಕೊಂಡ ಸಂತೋಷವೂ ಆಗಿತ್ತು — ನಾಚಿಕೆಯಾಗುತ್ತದೆ ಹೇಳಲು.

ಅದು ಮುಟ್ಟಲಿಲ್ಲ. ಮರುದಿನ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ನಾನು ಹುಳ ತರಲು ಹೊರಟೆ — ಇಲ್ಲ, ಹೊರಟೆನೆಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ, ಚಪ್ಪಲಿ ಮೆಟ್ಟಿದವಳು ಮತ್ತೆ ಬಿಚ್ಚಿದೆ. ಮಾರನೆಯ ಬೆಳಿಗ್ಗೆ ಅದು ಪಂಜರದ ತಳದಲ್ಲಿ ಬಿದ್ದಿತ್ತು. ಹುಳಗಳ ಮೇಲಿನ ದಯೆಯೋ, ಬರೀ ಅಸಹ್ಯವೋ? ದಯೆಯಾಗಿದ್ದರೆ ಹಕ್ಕಿಯ ಮೇಲೆ ಯಾಕೆ ಬರಲಿಲ್ಲ?

ಅವರು ಮರಳಿದ ದಿನ ಖಾಲಿ ಪಂಜರ ಕೊಟ್ಟೆ. "ನೀವು ಚಿಲಕ ಸರಿ ಹಾಕಿರ್ಲಿಲ್ಲ ಕಾಣ್ತದೆ ಜುಲೇಖಕ್ಕ. ಅವತ್ತೇ ಹಾರಿಹೋಯ್ತು."

ಹಮೀದಣ್ಣ ಹೆಂಡತಿಯ ಕಡೆ ತಿರುಗಿ, "ನಿನ್ನ ಕೈಯಲ್ಲಿ ಒಂದು ಹಕ್ಕಿಯೂ ನಿಲ್ಲುದಿಲ್ಲ" ಎಂದರು. ಆಕೆ ತಲೆ ತಗ್ಗಿಸಿದರು. ನಾನು ಅಲ್ಲೇ ಕೂತು ಅವರ ಮನೆಯ ಚಹಾ ಕುಡಿಯುತ್ತಿದ್ದೆ.

ಆ ಮೇಲೆ ಹಮೀದಣ್ಣ ಅದೇ ಮಾತನ್ನು ಎಷ್ಟೋ ಸಲ, ತಮಾಷೆಯೆಂಬಂತೆ, ನಾಲ್ಕು ಜನರೆದುರು ಆಡಿದರು. ಪ್ರತಿ ಸಲ ನಾನೂ ನಕ್ಕೆ.

ಮೊನ್ನೆ ಅವರ ಮೊಮ್ಮಗು ಬಂದಿತ್ತು. ಸ್ನಾನ ಮಾಡಿಸಲು ಹೊರಟ ಜುಲೇಖಕ್ಕ ಅದನ್ನು ತಂದು ನನ್ನ ಮಡಿಲಲ್ಲಿಟ್ಟರು. "ನೀವೇ ಹಿಡ್ಕೊಳ್ಳಿ. ನನ್ನ ಕೈಯ ಮೇಲೆ ನನಗೇ ಧೈರ್ಯ ಇಲ್ಲ."

ನಗುತ್ತಲೇ ಹೇಳಿದರು.

ನಾಳೆ ಶುಕ್ರವಾರ. ನಮಾಜು ಮುಗಿಸಿ ಹಮೀದಣ್ಣ ಮನೆಯಲ್ಲಿರುತ್ತಾರೆ. ಅವರಿಗೂ ಕೇಳುವಂತೆ, ಆಕೆಯ ಎದುರೇ ಹೇಳುತ್ತೇನೆ. ಆ ಬಳಿಕ ಆ ಮಗುವನ್ನು ನನ್ನ ಕೈಗೆ ಕೊಡದಿದ್ದರೆ — ಅದೇ ಸರಿ.