ಮೇಸ್ತ್ರಿಯ ಫೋಟೋ ತೆಗೆದ ಕುಶಾಲಪ್ಪ ಮಾವ

ಕುಶಾಲಪ್ಪ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ವಾಚು ಕಟ್ಟಿಕೊಂಡು ಬಂದು ನೆಲದ ಮೇಲೆ ಬೋರಲು ಮಲಗಿಬಿಡುತ್ತಿದ್ದರು. ಅದು ಕಾಫಿ ಕಣವೋ, ಬಸ್ ಸ್ಟ್ಯಾಂಡೋ, ಯಾರದೋ ಮನೆಯ ಆಗಷ್ಟೇ ಸಾರಿಸಿದ ಅಂಗಳವೋ ಎಂದು ನೋಡುತ್ತಿರಲಿಲ್ಲ. ಎದುರಿಗೆ ಒಂದು ಬೆಕ್ಕಿದ್ದರೆ ಸಾಕು. ಕ್ಯಾಮೆರಾ ಕೈಯಲ್ಲಿ, ಗಲ್ಲ ನೆಲಕ್ಕೆ. ಅವರ ಹೆಂಡತಿ ಗಂಗತ್ತೆ ಬಟ್ಟೆ ಒಗೆಯುವಾಗೆಲ್ಲ ನನ್ನ ಹತ್ತಿರ ಗೊಣಗುತ್ತಿದ್ದರು: “ಇವರ ಅಂಗಿ ಬೆನ್ನ ಕಡೆ ಹೊಸತು, ಎದೆ ಕಡೆ ಚಿಂದಿ. ಮುಂದಿನ ಅರ್ಧ ಮಾತ್ರ ಹೊಲ್ಕೊಡುವ ಟೈಲರ್ ಯಾರಾದ್ರೂ ಇದ್ರೆ ಹೇಳು ಸುಮಾ.”

ಮಾದಾಪುರದಲ್ಲಿ ನಮ್ಮದು ಅವರ ಪಕ್ಕದ ಬಾಡಿಗೆ ಮನೆ. ನಾನು ಅಲ್ಲಿಂದ ಎರಡು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ ಬರೆಯುವುದು, ತೂಕ ಬರೆಯುವುದು ನನ್ನ ಕೆಲಸ. ಮಾವ ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಅಲ್ಲಿಂದ ಬಿಡುವಾಗ ಜೊತೆಯವರೆಲ್ಲ ಸೇರಿ ಒಂದು ಕ್ಯಾಮೆರಾ ಕೊಟ್ಟಿದ್ದರಂತೆ. ಬೆಟ್ಟ, ಜಲಪಾತ, ಮೊಮ್ಮಕ್ಕಳ ಫೋಟೋ ತೆಗೆಯಲಿ ಎಂದು ಅವರು ಅಂದುಕೊಂಡಿರಬೇಕು. ಮಾವ ತೆಗೆದದ್ದು ಬೆಕ್ಕುಗಳನ್ನು ಮಾತ್ರ.

“ನನ್ನ ಸರ್ವೀಸೆಲ್ಲ ಹೇಳಿದ್ದು ಮೂರೇ ಮಾತು,” ಎನ್ನುತ್ತಿದ್ದರು. “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ. ಮನುಷ್ಯರಿಗೆ ಅಷ್ಟು ಹೇಳಿದ್ರೆ ಆಯ್ತು. ಪುಚ್ಚೆಗೆ ಹೇಳಿಕೆ ಆಗ್ತದಾ? ಅದಕ್ಕೇ ಉಸಿರು ನಾವೇ ಹಿಡೀಬೇಕು, ನಾವೇ ಅಲ್ಲಾಡದೆ ಇರಬೇಕು.” ಅವರ ಮನೆಮಾತು ಅರೆಭಾಷೆ. ನನ್ನ ಹತ್ತಿರ ಕನ್ನಡವೇ ಆಡಿದರೂ ಬೆಕ್ಕಿಗೆ ಮಾತ್ರ ಪುಚ್ಚೆ ಎಂದೇ ಅನ್ನುತ್ತಿದ್ದರು. ‘ಇದೆ’ ಎನ್ನಬೇಕಾದಲ್ಲಿ ‘ಉಟ್ಟು’, ‘ಇಲ್ಲ’ ಎನ್ನಬೇಕಾದಲ್ಲಿ ‘ಇಲ್ಲೆ’ ತಾನಾಗಿ ಬಂದುಬಿಡುತ್ತಿತ್ತು.

ಅವರು ನನಗೆ ಗುರುವಾದದ್ದು ನಮ್ಮ ಎಸ್ಟೇಟಿನ ಬೆಕ್ಕುಗಳ ದೆಸೆಯಿಂದ. ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಏಳು ಬೆಕ್ಕುಗಳಿದ್ದವು. ಇಲಿ ಹಿಡಿದುಕೊಂಡು, ಕೆಲಸದವರು ಹಾಕಿದ ಬುತ್ತಿಯ ಅನ್ನ ತಿಂದುಕೊಂಡು ಹೇಗೋ ಇದ್ದವು. ಹೋದ ವರ್ಷದ ಹಿಂದಿನ ವರ್ಷ ತೋಟ ಕೈ ಬದಲಾಯಿತು. ಹೊಸ ಮ್ಯಾನೇಜರು ಸ್ಟೋರಿಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡರು. ಕಾಫಿ ಕೊಳ್ಳುವವರು ನೋಡಲು ಬರುತ್ತಾರೆ, ಮೂಟೆಗೆ ಬೆಕ್ಕಿನ ವಾಸನೆ ಹತ್ತಿದರೆ ಯಾರು ಮುಟ್ಟುತ್ತಾರೆ ಎಂಬುದು ಅವರ ಮಾತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಒಂದು ತಿಂಗಳು ಟೈಮ್ ಕೊಡ್ತೇನೆ. ಯಾರಿಗಾದ್ರೂ ಕೊಡಿ. ಉಳಿದದ್ದನ್ನು ಗೋಣಿಗೆ ಹಾಕಿ ಕಾಡಿನ ಕಡೆ ಬಿಟ್ಟು ಬನ್ನಿ,” ಎಂದು ನನಗೇ ಹೇಳಿದರು. ನಾನು “ಆಯ್ತು ಸರ್” ಅಂದೆ. ಸ್ಟೋರಿನ ಬಾಗಿಲಲ್ಲಿ ಕಾಫಿ ಆರಿಸುತ್ತಿದ್ದ ಸೆಲ್ವಿ ಅದನ್ನು ಕೇಳಿಸಿಕೊಂಡಳು. ಬೆಕ್ಕುಗಳಿಗೆ ದಿನವೂ ಅನ್ನ ಹಾಕುತ್ತಿದ್ದವಳು ಅವಳೇ. “ಕಾಡಿಗೆ ಬಿಟ್ರೆ ಚಿರತೆಗೆ ಒಂದು ತುತ್ತು ಅಕ್ಕಾ. ನೀವು ಆಯ್ತು ಅಂದ್ರಲ್ಲ,” ಎಂದಳು. ಆ ದಿನ ನನ್ನ ಬುತ್ತಿಯ ಅನ್ನವನ್ನೂ ಬೆಕ್ಕುಗಳಿಗೇ ಹಾಕಿದೆ.

ಮೊಬೈಲಿನಲ್ಲಿ ಏಳರ ಫೋಟೋವನ್ನೂ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಸ್ಟೋರಿನ ಕತ್ತಲಲ್ಲಿ ಫ್ಲ್ಯಾಶ್ ಹೊಡೆದು ತೆಗೆದದ್ದು. ಒಂದೊಂದಕ್ಕೂ ಕಣ್ಣು ಹಸಿರು ಬಲ್ಬಿನ ಹಾಗೆ ಉರಿಯುತ್ತಿತ್ತು. ಒಂದರ ಬಾಲ ಮಾತ್ರ ಬಂದಿತ್ತು. ನನ್ನ ತಮ್ಮ “ಅಕ್ಕ, ಇದೇನು, ಎಲ್ಲಿ ಹಿಡಿದ್ರು?” ಎಂದು ಕೇಳಿದ. ಬೇಕು ಅಂದವರು ಒಬ್ಬರೂ ಇಲ್ಲ.

ಮಾರನೆ ಬೆಳಿಗ್ಗೆ ಕುಶಾಲಪ್ಪ ಮಾವ ಬೇಲಿಯ ಹತ್ತಿರ ಬಂದು ನಿಂತರು. “ಆ ಫೋಟೋ ನೀ ತೆಗ್ದದ್ದಾ? ಆ ಪುಚ್ಚೆಗಳಿಗೂ ನಿಂಗೂ ಏನಾದ್ರೂ ಜಗಳ ಉಟ್ಟಾ ಮಾರಾಯ್ತಿ?”

ನನಗೆ ಅಳು ಬಂದುಬಿಟ್ಟಿತು. ಎಲ್ಲವನ್ನೂ ಹೇಳಿದೆ. ಅವರು ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದರು. “ನಡಿ. ಒಂದು ತಿಂಗಳು ಧಾರಾಳ ಆಯ್ತು.”

ಅವತ್ತು ಸ್ಟೋರಿನಲ್ಲಿ ಅವರು ಮೊದಲು ಮಾಡಿದ ಕೆಲಸ ಪಶ್ಚಿಮದ ಬಾಗಿಲನ್ನು ತೆರೆಸಿದ್ದು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟು, ಪೊರಕೆ, ಹರಿದ ಚಪ್ಪಲಿ ಎಲ್ಲವನ್ನೂ ಎತ್ತಿಸಿದರು. “ಫೋಟೋದಲ್ಲಿ ಬಕೆಟ್ ಬಂದ್ರೆ ಜನ ಬಕೆಟ್ ನೋಡ್ತಾರೆ. ಫ್ಲ್ಯಾಶ್ ಬೊತ್ತು, ಬೇಡವೇ ಬೇಡ. ಬಾಗ್ಲಿಂದ ಬರುವ ಬೆಳಕು ಸಾಕು. ನಿಂತು ತೆಗೀಬೇಡ. ನಿಂತು ತೆಗೆದ್ರೆ ನಿನ್ನ ಕಣ್ಣಿಗೆ ಅದು ಕಂಡದ್ದು ಬರ್ತದೆ. ಮಲಗಿ ತೆಗೆದ್ರೆ ಅದರ ಮುಖ ಬರ್ತದೆ.” ಹೇಳುತ್ತ ಹೇಳುತ್ತಲೇ ಮಲಗಿಯಾಗಿತ್ತು. ಕಾಫಿ ಕುಯ್ಯುವ ಹೆಂಗಸರು ತೂಕಕ್ಕೆ ಬಂದವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮಾವ ತಲೆ ಕೂಡ ಎತ್ತಲಿಲ್ಲ.

ಬೆಕ್ಕನ್ನು ಅವರು ಎಂದೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೊಟ್ಟೆ ತುಂಬಿ ಮೈ ನೆಕ್ಕಿಕೊಳ್ಳುವ ಹೊತ್ತಿಗೆ ಕಾಯುತ್ತಿದ್ದರು. ಸರಿಯಾದ ಹೊತ್ತಿಗೆ ಉಗುರಿನಿಂದ ಗೋಣಿಯನ್ನು ಒಮ್ಮೆ ಕೆರೆಯುತ್ತಿದ್ದರು. ಬೆಕ್ಕು ಕಿವಿ ನಿಮಿರಿಸಿ ನೋಡುವುದಕ್ಕೂ ಕ್ಯಾಮೆರಾ ಕ್ಲಿಕ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. “ಒಂದೇ ಸಲ ಕೆರೀಬೇಕು. ಎರಡ್ನೇ ಸಲಕ್ಕೆ ಅದಕ್ಕೆ ನಮ್ಮ ಕಳ್ಳಾಟ ಗೊತ್ತಾಗ್ತದೆ.” ಅದು ದಿಟ್ಟಿಸಿ ನೋಡಿದರೆ ಅವರು ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆಕ್ಕೂ ಹಾಗೆಯೇ ಮಾಡುತ್ತಿತ್ತು. “ನೋಡು, ನಮಸ್ಕಾರ ಹೇಳ್ತು,” ಎನ್ನುತ್ತಿದ್ದರು.

ಮೂರು ವಾರದಲ್ಲಿ ಆರು ಬೆಕ್ಕುಗಳಿಗೆ ಮನೆ ಸಿಕ್ಕಿತು. ಸ್ಟೇಟಸ್ಸಿಗೆ ಹಾಕಿದ್ದು ಒಂದೊಂದಕ್ಕೆ ಒಂದೇ ಫೋಟೋ. ನೂರು ತೆಗೆದು ತೊಂಬತ್ತೊಂಬತ್ತನ್ನು ಅಳಿಸಿ ಉಳಿಸಿಕೊಂಡದ್ದು. ಕೆಂಚು ಬೆಕ್ಕು ಸೋಮವಾರಪೇಟೆಗೆ ಹೋಯಿತು. ತಾಯಿ ಮರಿ ಎರಡನ್ನೂ ಮಡಿಕೇರಿಯ ಒಬ್ಬರು ಟೀಚರು ಬಂದು, ಫೋಟೋ ಜೊತೆ ಹೋಲಿಸಿ ನೋಡಿ, ಎತ್ತಿಕೊಂಡು ಹೋದರು.

ಉಳಿದದ್ದು ಮೇಸ್ತ್ರಿ. ಕೆಲಸದವರೇ ಇಟ್ಟ ಹೆಸರು. ಕಡುಕಪ್ಪು ಗಡವ, ಒಂದು ಕಿವಿ ಅರ್ಧ ಇಲ್ಲ, ಮೂಗಿನ ಮೇಲೆ ಹಳೆಯ ಗಾಯದ ಗೆರೆ. ತೋಟದ ಮೇಸ್ತ್ರಿ ಆಳುಗಳ ಮೇಲೆ ಕಣ್ಣಿಡುವ ಹಾಗೆ ದಿನಕ್ಕೆ ಎರಡು ಸಲ ಕಣದ ಸುತ್ತ ಗಸ್ತು ಹೊಡೆಯುತ್ತಿತ್ತು. ಯಾರಾದರೂ ಹತ್ತು ಅಡಿ ಹತ್ತಿರ ಬಂದರೆ ಸಾಕು, ಬುಸ್ ಎಂದು ಮೂಟೆಗಳ ಹಿಂದೆ ಮಾಯ. ನಾನು ತೆಗೆದ ಫೋಟೋದಲ್ಲಿ ಅದು ಮಸಿ ಚೆಲ್ಲಿದ ಹಾಗೆ ಬಂದಿತ್ತು. ಕಪ್ಪು ಬೆಕ್ಕು ಅಪಶಕುನ ಎಂದು ಕೆಲವರು ಫೋಟೋ ಕಳಿಸಬೇಡಿ ಎಂದೇ ಹೇಳಿದರು.

“ಕಪ್ಪು ಅಂದ್ರೆ ಏನೂ ಕಾಣದ್ದು ಅಂತ ಯಾರು ಹೇಳಿದ್ದು?” ಎಂದು ಮಾವ ರೇಗಿದರು. ಅವರು ರೇಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಎಕ್ಸ್‌ರೇ ಫಿಲಂ ಕಪ್ಪೇ ಅಲ್ವಾ? ಅದ್ರಲ್ಲೇ ಅಲ್ವಾ ನಾವು ಎದೆ ನೋಡ್ತಿದ್ದದ್ದು? ಕಪ್ಪಲ್ಲಿ ಹತ್ತು ಥರದ ಕಪ್ಪು ಉಟ್ಟು. ಕ್ಯಾಮೆರಾಕ್ಕೆ ಅದು ತಿಳಿಯೂದಿಲ್ಲೆ, ಎಲ್ಲಾ ಬೂದಿ ಬಣ್ಣ ಮಾಡ್ತದೆ. ಅದಕ್ಕೆ ಬೆಳಕು ಒಂದು ಚೂರು ಇಳಿಸಿ, ಪಕ್ಕದಿಂದ ಬೀಳಿಸ್ಬೇಕು. ಆಗ ಕೂದ್ಲು ಕೂದ್ಲು ಕಾಣ್ತದೆ.”

ಉಳಿದಿದ್ದದ್ದು ಎಂಟು ದಿನ. ದಿನವೂ ಮೂರೂವರೆಗೆ ಬಂದು ಪಶ್ಚಿಮದ ಬಾಗಿಲ ಹತ್ತಿರ ಮಲಗುತ್ತಿದ್ದರು. ಮೊದಲ ಮೂರು ದಿನ ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲ. ನಾಲ್ಕನೆಯ ದಿನ ಅದನ್ನು ನೆಲದ ಮೇಲೆ ಇಟ್ಟು ತಾವು ದೂರ ಸರಿದರು. ಮೇಸ್ತ್ರಿ ಬಂದು ಅದನ್ನು ಮೂಸಿ, ಕೆನ್ನೆ ಉಜ್ಜಿ ಹೋಯಿತು. “ಪರವಾನಗಿ ಸಿಕ್ಕಿತು,” ಎಂದರು ಮಾವ. ಆದರೆ ಐದು, ಆರು, ಏಳನೆಯ ದಿನ ಮೋಡ. ಬೆಳಕಿಲ್ಲದೆ ಅವರು ಒಂದನ್ನೂ ತೆಗೆಯಲಿಲ್ಲ. ನಾನು “ಹೇಗೋ ಒಂದು ತೆಗೀರಿ ಮಾವ” ಎಂದು ಅಂಗಲಾಚಿದೆ. “ಹೇಗೋ ತೆಗೆದದ್ದು ನಿನ್ ಹತ್ರವೇ ಉಟ್ಟಲ್ಲ,” ಎಂದರು.

ಎಂಟನೆಯ ದಿನ ನಾಲ್ಕು ಗಂಟೆಗೆ ಮೋಡ ಸರಿಯಿತು. ಬಾಗಿಲಿಂದ ಬಿಸಿಲು ಓರೆಯಾಗಿ ಬಂದು ಸಿಮೆಂಟಿನ ನೆಲದ ಮೇಲೆ ಉದ್ದಕ್ಕೆ ಬಿತ್ತು. ಮಾವ ಮಲಗಿದ್ದರು. ಮೇಸ್ತ್ರಿ ಮೂಟೆಗಳ ಸಂದಿಯಿಂದ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿತ್ತು. ಅದೇ ಹೊತ್ತಿಗೆ ಮ್ಯಾನೇಜರ ಜೀಪು ಕಣಕ್ಕೆ ಬಂದು ನಿಂತಿತು. ಗಡುವು ಮುಗಿದಿತ್ತು. ಅವರ ಕೈಯಲ್ಲೇ ಖಾಲಿ ಗೋಣಿ. “ಏನಾಯ್ತು ಸುಮಾ, ಇನ್ನೂ…” ಎನ್ನುತ್ತ ಬಾಗಿಲ ಕಡೆ ಬಂದರು.

ಸೆಲ್ವಿ ಎದ್ದು ನಿಂತು ಬಾಯಿಗೆ ಬೆರಳಿಟ್ಟಳು. “ಶ್! ಸಾರ್, ಅಲ್ಲೇ ನಿಲ್ಲಿ!”

ಮ್ಯಾನೇಜರಿಗೆ ಹಾಗೆ ಹೇಳಿದವರು ಆ ತೋಟದಲ್ಲಿ ಅದುವರೆಗೆ ಯಾರೂ ಇಲ್ಲ. ಅವರು ನಿಂತರು. ತೂಕಕ್ಕೆ ಸಾಲಾಗಿ ನಿಂತಿದ್ದ ಹೆಂಗಸರು ತಲೆಯ ಮೇಲಿನ ಮೂಟೆಯನ್ನು ಇಳಿಸದೆ ಹಾಗೇ ನಿಂತರು. ನಗುವವರು ಒಬ್ಬರೂ ಇರಲಿಲ್ಲ. ಮೇಸ್ತ್ರಿ ಬಿಸಿಲಿನ ಅಂಚಿಗೆ ಬಂದು ಕೂತಿತು. ಮಾವನ ಉಗುರು ಗೋಣಿಯನ್ನು ಒಮ್ಮೆ ಕೆರೆಯಿತು. ಆ ಅರ್ಧ ಕಿವಿ, ಪೂರ್ತಿ ಕಿವಿ ಎರಡೂ ನಿಮಿರಿದವು.

ಕ್ಲಿಕ್.

ಒಂದೇ ಒಂದು. ಮಾವ ಎದ್ದು ಕೂತು ಅಂಗಿಯ ಧೂಳು ಕೊಡವಿ, ಕ್ಯಾಮೆರಾದ ಪರದೆಯನ್ನು ನೋಡಿ, ನನ್ನ ಕೈಗೆ ಕೊಟ್ಟರು. ಕಪ್ಪು ಮೈಯ ಅಂಚಿನಲ್ಲಿ ಒಂದೊಂದು ಕೂದಲೂ ಚಿನ್ನದ ಎಳೆಯಾಗಿತ್ತು. ಹಳದಿ ಕಣ್ಣುಗಳಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಯುದ್ಧ ಮುಗಿಸಿ ಬಂದು ಅರಮನೆಯ ಮೆಟ್ಟಿಲ ಮೇಲೆ ಕೂತ ದೊರೆಯ ಹಾಗಿತ್ತು. ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಹೆಂಗಸರು ಮೂಟೆ ಇಳಿಸಿ ಮುತ್ತಿಕೊಂಡರು. ಸೆಲ್ವಿ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಕೊನೆಗೆ ಮ್ಯಾನೇಜರು ನೋಡಿದರು. ಬಹಳ ಹೊತ್ತು ನೋಡಿದರು.

“ನಮ್ಮ ಸ್ಟೋರಲ್ಲಿ ಇದ್ದದ್ದು ಇದಾ?” ಎಂದರು. ಆಮೇಲೆ ಗೋಣಿಯನ್ನು ಮಡಚಿ ನನಗೆ ಕೊಟ್ಟು, “ಒಳಗೆ ಇಟ್ಟುಬಿಡಿ. ನಂಗೂ ಒಂದು ಕಾಪಿ ಕಳ್ಸಿ,” ಎಂದರು.

ಅವತ್ತು ರಾತ್ರಿಯೇ ಆ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದೆ. ಬೆಳಿಗ್ಗೆ ಆಗುವಷ್ಟರಲ್ಲಿ ಹನ್ನೊಂದು ಜನ ಬೇಕು ಎಂದಿದ್ದರು. ಮಾವ ಆರಿಸಿದ್ದು ನೆಲ್ಯಹುದಿಕೇರಿಯ ದಿನಸಿ ಅಂಗಡಿಯ ಅಬೂಬಕರ್ ಕಾಕನನ್ನು. ಕಾಕ ಕಳಿಸಿದ್ದ ಸಂದೇಶ ಅವರಿಗೆ ಹಿಡಿಸಿಬಿಟ್ಟಿತ್ತು: “ಈ ಮೋರೆ ಅಂಗಡಿಯಲ್ಲಿದ್ದರೆ ಇಲಿ ಮಾತ್ರ ಅಲ್ಲ, ಸಾಲ ಕೇಳುವವರೂ ಬರುವುದಿಲ್ಲ.” ಬಿದಿರಿನ ಬುಟ್ಟಿಯಲ್ಲಿ ಮೇಸ್ತ್ರಿಯನ್ನು ಕೂರಿಸಿಕೊಂಡು ನಾವು ಹೋದದ್ದು ಮ್ಯಾನೇಜರೇ ಕೊಟ್ಟ ಜೀಪಿನಲ್ಲಿ. ದಾರಿಯುದ್ದಕ್ಕೂ ಅದು ಕೂಗಿತು. ಮುಂದಿನ ಸೀಟಿನಲ್ಲಿ ಮಾವ ಮದುವೆ ದಿಬ್ಬಣದ ಯಜಮಾನನ ಹಾಗೆ ಬೀಗುತ್ತ ಕೂತಿದ್ದರು.

ಆಮೇಲೆ ತಮ್ಮ ಬೆಕ್ಕಿನ ಫೋಟೋ ತೆಗೆಸಲು ಸುತ್ತಲಿನ ಊರುಗಳಿಂದ ಜನ ಹುಡುಕಿಕೊಂಡು ಬರತೊಡಗಿದರು. ಮಾವ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟು “ಮಲ್ಗಿ” ಎನ್ನುತ್ತಿದ್ದರು. ಬ್ಯಾಂಕಿನ ಆಫೀಸರೊಬ್ಬರು ಪ್ಯಾಂಟಿನ ಇಸ್ತ್ರಿ ನೋಡಿಕೊಂಡು ಅನುಮಾನಿಸಿದಾಗ, “ಅಷ್ಟು ಬಗ್ಗಿಕೆ ಆಗೂದಿಲ್ಲೆ ಅಂದ್ರೆ ಅಂಗಡಿಂದ ಪುಚ್ಚೆ ಚಿತ್ರದ ಕ್ಯಾಲೆಂಡರ್ ತಕೊಂಡು ಹೋಗಿ,” ಎಂದದ್ದನ್ನು ಬೇಲಿಯ ಈಚೆ ನಿಂತು ನಾನೇ ಕೇಳಿಸಿಕೊಂಡೆ. ಆಫೀಸರು ಮಲಗಿದರು.

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ಕುಶಾಲಪ್ಪ ಮಾವ ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಜಗಲಿಯಲ್ಲಿ ಕೂತವರು ಹಾಗೆಯೇ ಹೋಗಿಬಿಟ್ಟರು. ಅದಕ್ಕೂ ಒಂದು ತಿಂಗಳ ಹಿಂದೆ ಒಂದು ಭಾನುವಾರ ನಾವಿಬ್ಬರೂ ಬಸ್ಸು ಹಿಡಿದು ನೆಲ್ಯಹುದಿಕೇರಿಗೆ ಹೋಗಿದ್ದೆವು. ಮೇಸ್ತ್ರಿ ಹೇಗಿದೆಯೋ ನೋಡಬೇಕು ಎಂದು ಅವರೇ ಹೊರಡಿಸಿದ್ದು.

ಅಂಗಡಿಯಲ್ಲಿ ಅಕ್ಕಿ ಮೂಟೆಗಳ ಮೇಲೆ ಅದು ಮೈ ತುಂಬಿಕೊಂಡು ಮಲಗಿತ್ತು. ಕಾಕ ಹೇಳಿದರು: “ಎಂತ ಮಾಡುವುದು ಮಾವ, ಇಷ್ಟು ದಿನ ಆಯ್ತು, ಪೂಚ್ಚ ನನ್ನ ಕೈಗೂ ಬರೂದಿಲ್ಲ. ಇಲಿ ಹಿಡೀತದೆ, ಮೀನು ತಿಂತದೆ, ಮುಟ್ಟಿದ್ರೆ ಪರಚ್ತದೆ.” ಮಾವ ನಕ್ಕು, ಕಾಕ ಕೊಟ್ಟ ಸ್ಟೂಲಿನ ಮೇಲೆ ಕೂತು, ಕ್ಯಾಮೆರಾ ತೆಗೆದು ಗಾಜು ಒರೆಸತೊಡಗಿದರು. ಮೇಸ್ತ್ರಿ ಕಣ್ಣು ತೆರೆಯಿತು. ಮೂಟೆಯಿಂದ ಇಳಿಯಿತು. ಕೊತ್ತಂಬರಿ ಡಬ್ಬಗಳ ನಡುವೆ ಹಾದು, ಸ್ಟೂಲಿನ ಸುತ್ತ ಒಂದು ಸುತ್ತು ಬಂದು, ಒಂದೇ ನೆಗೆತಕ್ಕೆ ಮಾವನ ಮಡಿಲು ಹತ್ತಿ ಮುದುಡಿಕೊಂಡು ಮಲಗಿತು. ಗುರ್ ಗುರ್ ಸದ್ದು ಗಲ್ಲಾಪೆಟ್ಟಿಗೆಯವರೆಗೂ ಕೇಳಿಸಿತು. ಸಕ್ಕರೆ ಕಟ್ಟುತ್ತಿದ್ದ ಕಾಕನ ಕೈ ಅಲ್ಲೇ ನಿಂತಿತು.

“ಮಾವ, ಕ್ಯಾಮೆರಾ ಕೊಡಿ, ನಾನು ತೆಗೀತೇನೆ,” ಎಂದು ಪಿಸುಗುಟ್ಟಿದೆ.

“ಬೇಡ ಮಗಳೇ,” ಎಂದರು. “ಈಗ ಅದು ಫೋಟೋಕ್ಕೆ ಬಂದದ್ದಲ್ಲ.”

ಕ್ಯಾಮೆರಾವನ್ನು ಅಕ್ಕಿ ಮೂಟೆಯ ಮೇಲಿಟ್ಟು, ಆ ಅರ್ಧ ಕಿವಿಯ ಹಿಂದೆ ಮೆಲ್ಲಗೆ ಕೆರೆಯತೊಡಗಿದರು. ಅವರ ಮುಖ ದೀಪ ಹಚ್ಚಿದ ಹಾಗಿತ್ತು. ನಾವು ಹಿಡಿಯಬೇಕಾಗಿದ್ದ ಬಸ್ಸು ಬಂದು ಹಾರನ್ ಹೊಡೆದು ಹೋಯಿತು. ಅದರ ಹಿಂದಿನದೂ ಹೋಯಿತು. ಕಾಲು ಜೋಮು ಹಿಡಿದಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಮೇಸ್ತ್ರಿ ಏಳುವವರೆಗೆ ಮಾವ ಏಳಲಿಲ್ಲ.