ಕೇಸ್ ಇದ್ದವರಿಗೂ ಕೊಡ್ತಾರೇನ್ರಿ?

ಕೋವಿಡ್ ಮುಗಿದು ವಿಮಾನಗಳು ಮತ್ತೆ ತುಂಬಿ ಹಾರತೊಡಗಿದ ವರ್ಷವದು. ಆಗ ನಾನು ರಾಯಚೂರಿನಲ್ಲಿ ವಕೀಲಳೂ ಹೌದು, ನೋಟರಿಯೂ ಹೌದು. ಆದರೆ ನನ್ನ ಹೊಟ್ಟೆ ಹೊರೆಯುತ್ತಿದ್ದುದು ಕೋರ್ಟಿಗಿಂತ ಹೆಚ್ಚಾಗಿ ಪರದೇಶಕ್ಕೆ ಹೋಗುವವರ ಕಾಗದಪತ್ರ: ನಿಕಾಹ್‌ನಾಮಾದ ಇಂಗ್ಲಿಷ್ ಅನುವಾದ, ಪಾಸ್‌ಪೋರ್ಟಿನಲ್ಲಿ ತಪ್ಪಾಗಿ ಬಿದ್ದ ಅಪ್ಪನ ಹೆಸರು, ವೀಸಾ ಅರ್ಜಿ, ಇಂಥವು. ಮೊದಲ ಮಹಡಿಯಲ್ಲಿ ಒಂದೇ ಕೋಣೆಯ ಆಫೀಸು. ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತಿತ್ತು. ಮಧ್ಯಾಹ್ನದ ಝಳದಲ್ಲಿ ಅದು ನೀರಿನೊಳಗಿದ್ದಂತೆ ಅಲುಗುತ್ತಿತ್ತು. ನಮ್ಮೂರ ಬೇಸಿಗೆಯಲ್ಲಿ ಎಚ್ಚರಕ್ಕೂ ನಿದ್ದೆಗೂ ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ಕಣ್ಣು ಬಿಟ್ಟುಕೊಂಡೇ ತೂಕಡಿಸುವುದನ್ನು ನಾವು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ.

ಅಂಥದೊಂದು ಮಧ್ಯಾಹ್ನ ಮಾನ್ವಿಯಿಂದ ಅಣ್ಣ ತಂಗಿ ಇಬ್ಬರು ಬಂದರು. ಅಣ್ಣ ಸಾದಿಕ್, ಅಕ್ಕಿ ವ್ಯಾಪಾರದವನು. ತಂಗಿ ರೆಹಾನಾ, ಇಪ್ಪತ್ತೆಂಟು ಇಪ್ಪತ್ತೊಂಬತ್ತರವಳು. ದೇವದುರ್ಗದ ಇಮ್ತಿಯಾಜ್ ಎಂಬವನನ್ನು ಮದುವೆಯಾಗಿ ಅಮೆರಿಕಕ್ಕೆ ಹೋದವಳು. ಇಮ್ತಿಯಾಜ್ ಅಲ್ಲಿ ದೂರದೂರಿನ ಲಾರಿ ಓಡಿಸುತ್ತಾನೆ, ಅಲ್ಲಿಯ ಪೌರತ್ವವೂ ಆಗಿದೆ. ಸಾದಿಕ್ ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳಿದ:

"ಮೇಡಂ, ಅಮೆರಿಕದಾಗ ಲೈನ್ ನಿಲ್ಲಲಾರದಂಗ ಹೋಗೂ ಕಾರ್ಡ್ ಅದ ಅಂತಲ್ರಿ, ಟ್ರಸ್ಟೆಡ್ ಟ್ರಾವೆಲರ್ ಅಂತ? ಅದು ಕೇಸ್ ಇದ್ದವರಿಗೂ ಕೊಡ್ತಾರೇನ್ರಿ?"

"ಯಾರ ಮ್ಯಾಲ ಕೇಸ್ ಅದ?" ಅಂದೆ.

"ನನ್ನ ಮ್ಯಾಲ ರೀ," ಅಂದಳು ರೆಹಾನಾ. ಅಂದು ತಲೆ ಮೇಲಿನ ದುಪಟ್ಟಾ ಇನ್ನಷ್ಟು ಮುಂದಕ್ಕೆಳೆದುಕೊಂಡಳು.

ಓದುಗರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಮ್ ಎಂದರೆ ನಂಬಿಕಸ್ಥ ಪ್ರಯಾಣಿಕರ ಯೋಜನೆ. ಮೊದಲೇ ನಿಮ್ಮ ಪೂರ್ವಾಪರ ತಿಳಿದುಕೊಂಡು, ಒಮ್ಮೆ ಮುಖಾಮುಖಿ ಸಂದರ್ಶನ ಮಾಡಿ, ಇವರಿಂದ ತೊಂದರೆಯಿಲ್ಲ ಅನ್ನಿಸಿದರೆ ಮುಂದೆ ವಿಮಾನ ನಿಲ್ದಾಣದಲ್ಲಿ ಬೇಗ ಬಿಟ್ಟುಬಿಡುತ್ತಾರೆ. ಅಮೆರಿಕದ ನಾಗರಿಕರಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳೂ ಅರ್ಜಿ ಹಾಕಬಹುದು. ಇನ್ನು ರೆಹಾನಾಳ ಗ್ರೀನ್ ಕಾರ್ಡ್ ಷರತ್ತಿನದು. ಮದುವೆಯಿಂದ ಹೋದ ಹೊಸಬರಿಗೆ ಮೊದಲು ಎರಡು ವರ್ಷಕ್ಕಷ್ಟೇ ಕೊಡುತ್ತಾರೆ. ಅದು ಮುಗಿಯುವ ಮುನ್ನ ಗಂಡ ಹೆಂಡತಿ ಸೇರಿ, ನಮ್ಮ ಸಂಸಾರ ನಿಜದ್ದು, ಷರತ್ತು ತೆಗೆಯಿರಿ ಎಂದು ಅರ್ಜಿ ಕೊಡಬೇಕು. ಇವಳದು ಕೊಟ್ಟಾಗಿತ್ತು. ವಿಚಾರಣೆ ನಿಧಾನ. ಅಲ್ಲಿಯವರೆಗೆ ಹಳೆಯ ಕಾರ್ಡೇ ನಡೆಯುತ್ತದೆ ಎಂಬ ಸರ್ಕಾರಿ ಪತ್ರವೂ ಅವಳ ಕೈಯಲ್ಲಿತ್ತು.

"ಇದರಾಗ ಕೇಸ್ ಎಲ್ಲಿ ಬಂತವ್ವ?" ಅಂದೆ.

ಅವಳು ಹೇಳಿದ್ದಿಷ್ಟು. ಹಿಂದೊಮ್ಮೆ ಅಪ್ಪ ತೀರಿದಾಗ ಮಾನ್ವಿಗೆ ಬಂದು, ಶೋಕದ ದಿನಗಳನ್ನು ಮುಗಿಸಿ ವಾಪಸು ಹೋಗಿದ್ದಾಳೆ. ವಿಮಾನ ನಿಲ್ದಾಣದಲ್ಲಿ ಕಾರ್ಡ್ ನೋಡಿದವರು ಪಕ್ಕದ ಕೋಣೆಗೆ ಕಳಿಸಿದ್ದಾರೆ. ಅಂಥ ಎರಡನೇ ತಪಾಸಣೆ ಅಲ್ಲಿ ಸಾಮಾನ್ಯ. ಇವಳಿಗೆ ಸಾಮಾನ್ಯ ಹೇಗಾದೀತು? ಕಿಟಕಿಯಿಲ್ಲದ ಕೋಣೆ, ಫೋನ್ ಹಚ್ಚುವಂತಿಲ್ಲ, ಹೊರಗೆ ಗಂಡ ಕಾಯುತ್ತಿದ್ದಾನೆ, ಒಳಗೆ ಸಾಲು ಕುರ್ಚಿಗಳಲ್ಲಿ ಯಾವ ಯಾವುದೋ ದೇಶದ ಜನ ನೆಲ ನೋಡುತ್ತ ಕೂತಿದ್ದಾರೆ. ಕೊನೆಗೆ ಆಫೀಸರ್ ಕಂಪ್ಯೂಟರ್ ನೋಡಿ, "ನಿನ್ನ ಕೇಸ್ ಪೆಂಡಿಂಗ್ ಇದೆ" ಅಂದನಂತೆ. ಬಿಟ್ಟೂ ಬಿಟ್ಟನಂತೆ. ಆದರೆ ಆ ಮಾತು ಇವಳನ್ನು ಬಿಡಲಿಲ್ಲ.

ಬಿಡುವುದಾದರೂ ಹೇಗೆ? ನಮ್ಮ ಕಡೆ "ಅಕಿ ಮ್ಯಾಲ ಕೇಸ್ ಅದ" ಅಂದರೆ ಮುಗಿಯಿತು. ಪೊಲೀಸು, ಠಾಣೆ, ವಾರಂಟು, ನಾಲ್ಕು ಜನರ ಬಾಯಿ. ಅಮೆರಿಕದವರಿಗೆ ಕೇಸ್ ಅಂದರೆ ಬರೀ ಕಡತ. ರೇಷನ್ ಕಾರ್ಡಿಗೆ ಅರ್ಜಿ ಹಾಕಿದರೂ ಅವರ ಬಾಯಲ್ಲಿ ಅದು ಕೇಸೇ.

ಸಾದಿಕ್ ಮೊಬೈಲಿನಲ್ಲಿ ತುಂಬಿಟ್ಟಿದ್ದ ಅರ್ಜಿ ತೋರಿಸಿದ. ಪುಣ್ಯಕ್ಕೆ ಇನ್ನೂ ಕಳಿಸಿರಲಿಲ್ಲ. ವಲಸೆ ಕಾನೂನನ್ನು ಎಂದಾದರೂ ಉಲ್ಲಂಘಿಸಿದ್ದೀರಾ ಎಂಬಲ್ಲಿ ಪುಣ್ಯಾತ್ಮ "ಹೌದು" ಒತ್ತಿದ್ದಾನೆ.

"ಏನಪ್ಪಾ ಇದು? ಏನ್ ಉಲ್ಲಂಘನೆ ಮಾಡ್ಯಾಳ ನಿನ್ನ ತಂಗಿ?"

"ಕೇಸ್ ಅದ ಅಲ್ರಿ ಮೇಡಂ. ಮುಚ್ಚಿಟ್ರ ನಾಳಿ ಕಷ್ಟ ಅಂತ…"

"ನೀ ಅಕ್ಕಿ ಮಾರಪ್ಪಾ. ಇದನ್ನ ನನಗ ಬಿಡು," ಅಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಹುಡುಗನ ಪ್ರಾಮಾಣಿಕತೆ ನೋಡಿ ಅದು ಅಲ್ಲೇ ಇಳಿಯಿತು.

ನಾನು ಅಮೆರಿಕದ ವಕೀಲಳಲ್ಲ. ಇಂಥ ಪ್ರಶ್ನೆ ಬಂದಾಗ ಅಲ್ಲಿ ವಲಸೆ ಕಾನೂನು ಮಾಡುವ ಪರಿಚಿತರೊಬ್ಬರನ್ನು ಕೇಳುತ್ತಿದ್ದೆ. ಅವರ ಉತ್ತರ ಸ್ಪಷ್ಟವಾಗಿತ್ತು. ಅರ್ಜಿ ಬಾಕಿಯಿದೆ ಎಂಬ ಒಂದೇ ಕಾರಣಕ್ಕೆ ಕಾಯಂ ನಿವಾಸಿ ಅನರ್ಹನಾಗುವುದಿಲ್ಲ. ಅಪರಾಧದ ಆರೋಪ, ಶಿಕ್ಷೆ, ವಲಸೆ ಅಥವಾ ಸುಂಕದ ನಿಯಮ ಮುರಿದದ್ದು, ನಡೆಯುತ್ತಿರುವ ತನಿಖೆ, ಇಂಥವಿದ್ದರೆ ತೊಂದರೆ. ಆದರೆ ಕೊಡುವುದು ಬಿಡುವುದು ಅಧಿಕಾರಿಗಳ ವಿವೇಚನೆ. ಬಾಕಿ ಕಡತ ಇದ್ದವರಿಗೆ ತಡವೂ ಆಗಬಹುದು. ಇದರ ಕೆಳಗೆ ಅವರು ಒಂದು ಸಾಲು ಸೇರಿಸಿದ್ದರು: ಆಕೆ ಅಮೆರಿಕ ಬಿಟ್ಟು ಎಷ್ಟು ದಿನವಾಯಿತು?

ಅದೇ ನೋಡಿ ನಿಜವಾದ ಗಂಡಾಂತರ. ರೆಹಾನಾ ಈ ಸಲ ಚಿಕ್ಕ ತಂಗಿಯ ಮದುವೆಗೆಂದು ಬಂದವಳು. ಮದುವೆಯಾಗಿ, ಮದುಮಗಳಿಗೆ ಹೊಟ್ಟೆಯೂ ಕಾಣತೊಡಗಿತ್ತು, ಇವಳು ಮಾತ್ರ ಟಿಕೆಟ್ ಮುಂದೂಡುತ್ತಲೇ ಇದ್ದಳು. ಅಮೆರಿಕದ ಹೊರಗೆ ಒಂದು ವರ್ಷ ಕಳೆದರೆ ಆ ಗ್ರೀನ್ ಕಾರ್ಡೂ ನಡೆಯುವುದಿಲ್ಲ, ಪತ್ರವೂ ನಡೆಯುವುದಿಲ್ಲ. ವರ್ಷ ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ. ಹೋಗದಿದ್ದರೆ ಗಂಡನ ಮನೆಯ ಬಾಗಿಲು ಎಷ್ಟು ವರ್ಷಕ್ಕೆ ತೆರೆದೀತೋ ಹೇಳುವಂತಿರಲಿಲ್ಲ. ಗಂಡನೇನು ಕೆಟ್ಟವನಲ್ಲ. ಲಾರಿ ನಿಲ್ಲಿಸಿದಲ್ಲೆಲ್ಲ ಫೋನ್ ಮಾಡಿ ಬಾ ಬಾ ಅನ್ನುತ್ತಿದ್ದ. ಇವಳಿಗೂ ಅವನೆಂದರೆ ಜೀವ.

ಮುಂದಿನ ವಾರ ಅವಳೊಬ್ಬಳೇ ಬಂದಾಗ ಎಲ್ಲ ಬಿಡಿಸಿ ಹೇಳಿದೆ. ನೀನು ಅರ್ಹಳು, ಅರ್ಜಿ ಹಾಕೋಣ, ಆದರೆ ಟ್ರಸ್ಟೆಡ್ ಟ್ರಾವೆಲರ್ ಕಾರ್ಡ್ ಬರುವವರೆಗೆ ಇಲ್ಲೇ ಕೂತರೆ ಕೆಟ್ಟೆ ಅಂದೆ. ಒಂದು ವೇಳೆ ಬೇಗ ಒಪ್ಪಿಗೆ ಬಂದರೂ ಸಂದರ್ಶನ ತಪ್ಪಿದ್ದಲ್ಲ ಎಂದೂ ಹೇಳಿದೆ.

"ಅಂದ್ರ ಆಫೀಸರ್ ಮುಂದ ನಿಲ್ಲಬಾರ್ದು ಅಂದ್ರ, ಮೊದ್ಲ ಆಫೀಸರ್ ಮುಂದ ನಿಲ್ಲಬೇಕೇನ್ರಿ?"

"ಹೌದವ್ವ."

ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ನನಗಲ್ಲ, ಗುಡ್ಡಕ್ಕೆ ಹೇಳುವವಳ ಹಾಗೆ ತನ್ನ ಕನಸು ಹೇಳಿದಳು. ಆ ಕೋಣೆಯೊಳಗೆ ಮಾನ್ವಿಯ ಕಾಲುವೆ ನೀರು ಬರುತ್ತದಂತೆ. ಮೆಲ್ಲಗೆ, ಸದ್ದಿಲ್ಲದೆ. ಕುರ್ಚಿಗಳ ನಡುವೆ ಭತ್ತದ ಸಸಿ ಏಳುತ್ತವೆ. ಕೊಕ್ಕರೆಗಳು ಬಂದು ನಿಲ್ಲುತ್ತವೆ. ಆಫೀಸರ್ ಪ್ಯಾಂಟು ಮಡಚಿಕೊಂಡು ಕೆಸರಲ್ಲಿ ನಡೆಯುತ್ತಾನೆ, ಇವಳ ಕಡೆ ಮಾತ್ರ ನೋಡುವುದಿಲ್ಲ. ಕೂಗೋಣವೆಂದರೆ ಅವನ ಹೆಸರು ಗೊತ್ತಿಲ್ಲ. ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಎಚ್ಚರ.

"ಕನಸಿನಾಗ ಅಂಜಿಕಿ ಬರಂಗಿಲ್ರಿ. ಛಲೋನ ಅನಸ್ತದ. ಎದ್ದ ಮ್ಯಾಗ ಮೈ ನಡಗ್ತದ," ಅಂದಳು.

ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಕಲಮು ಇಲ್ಲ. ಅರ್ಜಿ ತಿದ್ದಿ ಕಳಿಸಿದೆ. ಅಲ್ಲಿ ಇಳಿದಾಗ ಆಫೀಸರ್ ಏನು ಕೇಳಿದರೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ: ಇಷ್ಟು ದಿನ ಯಾಕೆ ಅಂದರೆ ತಂಗಿಯ ಮದುವೆ, ಮನೆಯ ಕೆಲಸ, ಅದರಾಚೆ ಒಂದು ಮಾತೂ ಬೇಡ. ಎಲ್ಲಕ್ಕೂ ಹೂಂ ಅಂದಳು. ಟಿಕೆಟ್ ಮಾತ್ರ ತೆಗೆಸಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ದೇವದುರ್ಗದ ಬಸ್ಸಿಳಿದು ಹೆಂಗಸೊಬ್ಬರು ನೇರ ನನ್ನ ಆಫೀಸಿಗೆ ಬಂದರು. ಇಮ್ತಿಯಾಜನ ತಾಯಿ, ಖಾಜಾಬಿ. ಸರ್ಕಾರಿ ನರ್ಸಾಗಿ ಕೃಷ್ಣಾ ತೀರದ ಹಳ್ಳಿಗಳಲ್ಲೆಲ್ಲ ಹೆರಿಗೆ ಮಾಡಿಸಿ ನಿವೃತ್ತರಾದವರು. ಕೂತವರೇ ಕೇಳಿದರು:

"ವಕೀಲಮ್ಮಾ, ನನ್ನ ಸೊಸಿ ಮ್ಯಾಲ ಅಮೆರಿಕದಾಗ ಕೇಸ್ ಅದ ಅಂತ ನಮ್ಮ ಓಣಿ ತುಂಬ ಮಾತು. ಮಗನ್ನ ಕೇಳಿದ್ರ ನಗ್ತಾನ. ಖರೆ ಹೇಳ್ರಿ, ಅಕಿಗಿ ಬಾಳ್ವಿ ಮಾಡೂ ಮನಸ್ಸು ಇಲ್ಲೇನು?"

ಕಕ್ಷಿದಾರರ ಮಾತನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಅತ್ತೆಯಾದರೂ ಸರಿಯೇ. "ಅಕಿ ಬಾಯಿಲೇ ಕೇಳ್ರಿ. ನಂಗೂ ಇವತ್ತು ಮಾನ್ವಿ ಕೋರ್ಟಿನಾಗ ಕೆಲಸ ಅದ. ಬರ್ರಿ, ಕೂಡೇ ಹೋಗೂಣು," ಅಂದೆ. ರೆಹಾನಾಗೆ ಫೋನ್ ಮಾಡಿ ಒಪ್ಪಿಗೆಯನ್ನೂ ಕೇಳಿದೆ. "ಕರ್ಕೊಂಡ್ ಬರ್ರಿ" ಅಂದಳು, ದನಿ ಸಣ್ಣದಾಗಿ.

ಮಾನ್ವಿ ಹತ್ತಿರವಾದಂತೆ ಬಸ್ಸಿನ ಎರಡೂ ಬದಿ ನೀರು ನಿಂತ ಗದ್ದೆಗಳು. ನಾನು ಮಟಮಾರಿ ಹಳ್ಳಿಯ ಕುರಿಯವರ ಮನೆಯ ಮಗಳು, ಒಣ ಹೊಲ ನೋಡಿ ಬೆಳೆದವಳು. ನೀರಿನೊಳಗೆ ಮೋಡ ನಡೆಯುವುದನ್ನು ಇವತ್ತಿಗೂ ಬಾಯಿ ಬಿಟ್ಟು ನೋಡುತ್ತೇನೆ. ಗದ್ದೆಯಲ್ಲಿ ಕೊಕ್ಕರೆಗಳು ಕದಲದೆ ನಿಂತಿದ್ದವು. ನಾನು ಬಸ್ಸಿನಲ್ಲಿದ್ದೇನೋ ಆ ಹುಡುಗಿಯ ಕನಸಿನಲ್ಲೋ ಅಂತ ಒಂದು ಗಳಿಗೆ ನಿಜಕ್ಕೂ ತಿಳಿಯಲಿಲ್ಲ. ಖಾಜಾಬಿ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದರು.

ಮನೆಯಲ್ಲಿ ಚಹಾ ಬಂತು. ರೆಹಾನಾ ಅತ್ತೆಯ ಕಾಲ ಬಳಿ ಚಾಪೆಯ ಮೇಲೆ ಕೂತಳು. ಆ ಕೋಣೆಯದು, ಆಫೀಸರನದು, ಕನಸಿನದು, ಎಲ್ಲ ಹೇಳಿದಳು. ಹೇಳಿ ಮುಗಿಸಿ, "ಅಮ್ಮಿ, ಅಲ್ಲಾಕಸಮ್, ನಾ ಏನೂ ಮಾಡಿಲ್ಲ. ಆದ್ರೂ ಕೇಸ್ ಪೆಂಡಿಂಗ್ ಅದ ಅಂತಾರ," ಎಂದು ಅತ್ತಳು.

ಖಾಜಾಬಿ ಎಲೆ ಅಡಿಕೆ ಉಗುಳಿ ಬಂದರು. ನಾನು ಬೈಗುಳಕ್ಕೆ ತಯಾರಾದೆ.

"ಅಯ್ಯ, ಇದೇನ ನಿನ್ನ ಕೇಸು? ನಾ ಜಿಂದಗಿ ಎಲ್ಲಾ ಬರೇ ಕೇಸ್ ನೋಡಿನಿ. ಫಸ್ಟ್ ಕೇಸ್, ನಾರ್ಮಲ್ ಕೇಸ್, ಅವಳಿ ಕೇಸ್. ಕೇಸ್ ಪೆಂಡಿಂಗ್ ಅಂದ್ರ ಇನ್ನೂ ಹಡದಿಲ್ಲ ಅಂತ ಅಷ್ಟ ಬೇಟಿ. ಬ್ಯಾನಿ ಬರೂ ತನಕ ಬಸುರಿ ಕುಂದ್ರಬೇಕು. ಕುಂತಾಕಿ ಕಳ್ಳಿ ಏನು?"

ನಾನು ಎರಡು ವಾರದಿಂದ ಕಲಮು ಕಲಮಾಗಿ ಬಿಡಿಸಿಟ್ಟದ್ದು ಇದೇ. ಆದರೆ ರೆಹಾನಾ ನಕ್ಕಿದ್ದು ಈಗ. ಮೊದಲು ಮೂಗಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಸಾದಿಕ್ ನಾಚಿ ಹೊರಗೆ ಎದ್ದು ಹೋದ. ನಾನೂ ಚಹಾ ಚೆಲ್ಲಿಕೊಂಡು ನಕ್ಕೆ. ಖಾಜಾಬಿ ಮಾತ್ರ ನಗಲಿಲ್ಲ. ಅವರು ಸೊಸೆಯ ತಲೆ ಮೇಲೆ ಕೈಯಿಟ್ಟು, "ನನ್ನ ಮಗ ಅಲ್ಲಿ ಒಬ್ಬನ ಉಣ್ತಾನ," ಅಂದರು.

ಅವತ್ತೇ ಸಂಜೆ ಟಿಕೆಟ್ ತೆಗೆಸಿದರು. ವರ್ಷ ತುಂಬುವ ಮುನ್ನವೇ ರೆಹಾನಾ ಹೈದರಾಬಾದಿನಿಂದ ವಿಮಾನ ಹತ್ತಿದಳು. ಟ್ರಸ್ಟೆಡ್ ಟ್ರಾವೆಲರ್ ಅರ್ಜಿಗೆ ಆಗಿನ್ನೂ ಉತ್ತರ ಬಂದಿರಲಿಲ್ಲ. ಆ ಕಾರ್ಡಿಲ್ಲದೆ, ಎಲ್ಲರಂತೆ ಸಾಲಿನಲ್ಲಿ ನಿಲ್ಲಲು ಹೋದಳು.

ಎರಡು ದಿನದ ಮೇಲೆ ನಾನು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಫೋನ್ ಬಂತು.

"ಮೇಡಂ, ಮತ್ತ ಅದ ರೂಮಿನಾಗ ಕುಂದರ್ಸಿದ್ರು."

"ಆಮ್ಯಾಗ?"

"ಕುಂತೆ. ಕರದ್ರು. ಇಷ್ಟು ದಿನ ಯಾಕ್ ಬರ್ಲಿಲ್ಲ ಅಂತ ಆಫೀಸರ್ ಕೇಳಿದ. ನೀವ್ ಕಲಿಸಿದ್ದೆಲ್ಲ ಬಾಯಿತನ ಬಂತ್ರಿ. ಆದ್ರ ಅವನ ಮಾರಿ ನೋಡಿ, ನಿಮಗ ಅಂಜಿ ಬರ್ಲಿಲ್ರಿ ಅಂದುಬಿಟ್ಟೆ."

ಚೊಂಬು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತೆ. ಯಾವ ವಕೀಲರೂ ಕಲಿಸದ ಮಾತದು. ತಿರುವಿ ಹಿಡಿದರೆ ಆ ಒಂದು ಮಾತಿನಿಂದ ಇನ್ನೂ ಹತ್ತು ಪ್ರಶ್ನೆ ಹುಟ್ಟಬಹುದಿತ್ತು.

"ಅವ ಏನಂದ?"

"ನನಗಾ, ಅಂದ. ಹೂಂ ರೀ, ನಿಮಗ, ಈ ರೂಮಿಗೆ ಅಂದೆ. ಆಮ್ಯಾಗ ಮೆತ್ತಗ ಇನ್ನೆರಡು ಮಾತು ಕೇಳಿದ, ಮುದ್ರಿ ಹೊಡದ. ಗಂಡ ಬಂದಾನೇನು ಅಂದ. ಬಂದಾನ್ರಿ ಅಂದೆ. ಎದ್ದು ಬಂದು ಬಾಗಲಾ ತಾನ ತೆಗದ."

ಹಿಂದಿನಿಂದ ಗಂಡಸಿನ ದನಿಯೊಂದು ಏನೋ ಕೇಳಿತು. "ವಕೀಲ್ ಮೇಡಂ ಕೂಡ ಮಾತಾಡಾಕತ್ತೀನಿ," ಅಂದಳು ಅವನಿಗೆ. ಅಷ್ಟು ಹಗುರಾದ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಎಲ್ಲ ಆಫೀಸರರೂ ಹಾಗಿರುತ್ತಾರೆಂದು ನಾನು ಹೇಳುತ್ತಿಲ್ಲ. ಅವಳ ದೈವ ಚೆನ್ನಾಗಿತ್ತು. ಏನು ಹೇಳಬಾರದು ಎಂಬುದನ್ನು ಕಲಿಸುವುದೇ ನಮ್ಮ ವೃತ್ತಿಯ ಅರ್ಧ ಕೆಲಸ, ಅದನ್ನು ನಾನು ಆಮೇಲೂ ಬಿಡಲಿಲ್ಲ. ಆದರೆ ಅರ್ಹತೆ ಇದೆಯೋ ಇಲ್ಲವೋ ಎಂದು ಕೇಳಿಕೊಂಡು ಯಾರಾದರೂ ಮೆಟ್ಟಿಲು ಹತ್ತಿ ಬಂದರೆ, ಕಾಗದ ಮುಟ್ಟುವ ಮೊದಲು ಅವರಿಗೆ ನೀರು ಕೊಟ್ಟು, "ಯಾತಕ್ಕ ಅಂಜೀರಿ, ಮೊದ್ಲು ಅದನ್ನ ಹೇಳ್ರಿ," ಅನ್ನುವುದನ್ನು ರೂಢಿ ಮಾಡಿಕೊಂಡೆ. ಬಹಳ ಜನ ಅದನ್ನು ಹೇಳಿ ಹಗುರಾಗಿ, ಅರ್ಜಿಯ ವಿಷಯ ಮರೆತೇ ಎದ್ದು ಹೋಗುತ್ತಿದ್ದರು. ನಾನು ಮೆಟ್ಟಿಲವರೆಗೆ ಹೋಗಿ ಅವರನ್ನು ವಾಪಸು ಕರೆಯಬೇಕಾಗುತ್ತಿತ್ತು.