ಮಾಸಿ ಸತ್ತ ಮರುದಿನ

ಟೀವಿಯ ತೆರೆಯಲ್ಲಿ ಒಂದು ಗ್ಲೂಕೋಸ್ ಬಾಟಲಿ ತೂಗುತ್ತಿತ್ತು. ಅದರ ಕೆಳಗೆ ನಾಯಕಿ ಕಣ್ಣು ಮುಚ್ಚಿ ಮಲಗಿದ್ದಳು. ಸಾಯುವ ಹೊತ್ತಿನಲ್ಲೂ ತುಟಿಯ ಬಣ್ಣ ಅಳಿಸಿಕೊಂಡಿರಲಿಲ್ಲ. ನಾನು ಚಹಾ ಹೀರುತ್ತ, "ಪಾಪ, ಈ ಹುಡುಗಿ ಉಳಿಯೋದಿಲ್ಲ" ಅಂದೆ. ಸೊಸೆ ಶಾಂತಿ ಗುಂಡ್ಲುಪೇಟೆ ಕಡೆಯವಳು. ತೆರೆಯಿಂದ ಕಣ್ಣು ಕೀಳದೆಯೇ ನನಗೆ ಧೈರ್ಯ ಹೇಳಿದಳು.

"ಸಾಯಲ್ಲ ಮಾವ. ಇದು ಯಾವುದೋ ಹೊರದೇಶದ ಸೀರಿಯಲ್ಲು. ಅಲ್ಲಿ ಸತ್ತಳಂತೆ. ತಮಿಳಲ್ಲಿ ಮಾಡಿದಾಗ ಕೋಮಾಕ್ಕೆ ಹೋದಳು. ನಮ್ಮದರಲ್ಲಿ ಎದ್ದು ಕೂತ್ಕೋತಾಳೆ ನೋಡಿ."

ನನಗೆ ಸಿಟ್ಟು ಬಂತು. ಎಂಬತ್ತು ದಾಟಿದವನಿಗೆ, ತುಟಿಗೆ ಬಣ್ಣ ಹಚ್ಚಿದ ಹುಡುಗಿ ಬದುಕಿದರೆ ಸಿಟ್ಟೇಕೆ ಬರಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಊರು ಬದಲಾಯಿಸಲಿ, ಹೆಸರು ಬದಲಾಯಿಸಲಿ, ಆದರೆ ಸತ್ತವಳನ್ನು ಹೀಗೆ ಎಬ್ಬಿಸಿ ಕೂರಿಸುವುದೇ? ಮನಸ್ಸಿನಲ್ಲಿ ಹಾಗೆ ಗೊಣಗಿಕೊಂಡಾಗ ಆ ಮಾತು ನನ್ನದಲ್ಲ, ನಂಜಿ ಚಿಕ್ಕವ್ವನದು ಎಂದು ಹೊಳೆಯಿತು.

ನಂಜಿ ನನ್ನ ತಾಯಿಯ ತಂಗಿ. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ನೀಲಗಿರಿಯ ಸೋಲೂರಿನ ಹತ್ತಿರದ ನಮ್ಮ ಹಟ್ಟಿಗೆ ಬಂದು ಅಕ್ಕನ ಮನೆಯಲ್ಲಿ ಉಳಿದವಳು. ನಡುವಟ್ಟಂ ಕಡೆಯ ಒಂದು ಬಂಗಲೆಯಲ್ಲಿ ಇಂಗ್ಲಿಷ್ ದೊರೆಸಾನಿಯೊಬ್ಬಳಿಗೆ ಅಡುಗೆ ಮಾಡುತ್ತಿದ್ದಳು. ಶನಿವಾರ ಸಂಜೆ ಎರಡು ಬಸ್ಸು ಬದಲಿಸಿ ಹಟ್ಟಿಗೆ ಬರುವಳು, ಭಾನುವಾರ ಸಂಜೆ ಹಿಂತಿರುಗುವಳು. ಇದು ಅರವತ್ತರ ದಶಕದ ಮಾತು. ಆಗ ನಾನು ಎಲೆ ತೂಗುವ ಗುಮಾಸ್ತ. ಹಟ್ಟಿಯವರು ತಮ್ಮ ತುಂಡು ತೋಟಗಳಲ್ಲಿ ಕಿತ್ತ ಚಹಾ ಎಲೆಯನ್ನು ತೂಕ ಹಾಕಿ, ಸಂಜೆ ಬರುವ ಫ್ಯಾಕ್ಟರಿ ಲಾರಿಗೆ ಹತ್ತಿಸುವುದು ನನ್ನ ಕೆಲಸ. ನಮ್ಮ ಮನೆಮಾತಿಗೆ ಬರಹವಿಲ್ಲ. ಅಜ್ಜ ವ್ಯಾಪಾರಕ್ಕೆ ಮೈಸೂರು ಸೀಮೆಗೆ ಹೋಗಿ ಕಲಿತು ಬಂದ ಕನ್ನಡವನ್ನೇ ನನಗೂ ಕಲಿಸಿದ. ಲೆಕ್ಕದ ಪುಸ್ತಕದಲ್ಲಿ ಚಂದದ ಕನ್ನಡ ಬರೆದದ್ದಕ್ಕೆ ತಮಿಳು ಮೇಲಧಿಕಾರಿಯಿಂದ ಬೈಸಿಕೊಂಡ ಗುಮಾಸ್ತ ಆ ಬೆಟ್ಟದಲ್ಲಿ ನಾನೊಬ್ಬನೇ ಇರಬೇಕು. ಇರಲಿ, ಚಿಕ್ಕವ್ವನ ವಿಷಯಕ್ಕೆ ಬರುತ್ತೇನೆ.

ಬಂಗಲೆಯಲ್ಲಿ ಒಂದು ರೇಡಿಯೋ ಇತ್ತು. ವಾರಕ್ಕೊಮ್ಮೆ ಚಹಾದ ಹೊತ್ತಿಗೆ ಅದರಲ್ಲಿ ಕಡಲಾಚೆಯಿಂದ ಒಂದು ಇಂಗ್ಲಿಷ್ ನಾಟಕ ಬರುತ್ತಿತ್ತು. ಒಂದು ಮನೆತನದ ಕತೆ, ಮುಗಿಯದೆ ಬೆಳೆಯುತ್ತಲೇ ಹೋಗುವಂಥದು. ದೊರೆಸಾನಿ ಹೆಣೆಯುತ್ತ ಕೇಳುವಳು, ಚಿಕ್ಕವ್ವ ಬಾಗಿಲ ಬಳಿ ಬಟಾಣಿ ಸುಲಿಯುತ್ತ ಕೇಳುವಳು. ಅವಳ ಇಂಗ್ಲಿಷು ಅಡುಗೆಮನೆಯದು: ಉಪ್ಪು, ಬೆಣ್ಣೆ, ಬೇಗ, ನಾಳೆ, ಸುಟ್ಟುಹೋಯಿತು. ಉಳಿದದ್ದನ್ನು ದನಿಯ ಏರಿಳಿತದಿಂದಲೂ ದೊರೆಸಾನಿಯ ಮುಖದಿಂದಲೂ ಹೆಕ್ಕಿಕೊಳ್ಳುತ್ತಿದ್ದಳು. ಭಾನುವಾರ ಮಧ್ಯಾಹ್ನ ನಮ್ಮ ಮನೆ ಮುಂದಿನ ಕಲ್ಲಿನ ಮೇಲೆ ಕೂತು ಅದನ್ನೆಲ್ಲ ನಮ್ಮ ಮಾತಿಗೆ ತಂದು ಹೇಳುವಳು.

ತಂದದ್ದು ಮಾತಿಗೆ ಮಾತ್ರವಲ್ಲ. ಮೇರಿ ಎಂಬ ಹುಡುಗಿ ನಮ್ಮ ಹಟ್ಟಿಯ ಹೆಸರಿಟ್ಟುಕೊಂಡು ಮಾಸಿಯಾದಳು. ಲಂಡನ್ನು ಕೊಯಮತ್ತೂರಾಯಿತು. ಮಂಜಿನಲ್ಲಿ ನಿಂತ ರೈಲು, ಗೂಡಲೂರು ದಾರಿಯ ತಿರುವಿನಲ್ಲಿ ಕೆಟ್ಟು ನಿಂತ ಬಸ್ಸಾಯಿತು. ಕತೆಯ ಆ ಮನೆಯಲ್ಲಿ ಬಂದವರಿಗೆ ಬಾಗಿಲು ತೆರೆಯಲೆಂದೇ ಒಬ್ಬ ಆಳಿದ್ದ. ಹಟ್ಟಿಯ ಹಿರಿಯಳು ಗಂಗೆ ಹೆತ್ತೆ ಇದನ್ನು ಒಪ್ಪಲಿಲ್ಲ; ನಮ್ಮಲ್ಲಿ ಅಜ್ಜಿಗೆ ಹೆತ್ತೆ ಅನ್ನುತ್ತೇವೆ. "ಬಾಗಿಲು ತೆಗೆಯಾಕೆ ಒಬ್ಬನಾ? ಅವರಿಗೆ ಕೈ ಇಲ್ಲೆಯಾ?" ಅಂದಳು. ಮರುವಾರದಿಂದ ಆ ಆಳು ಮಾಸಿಯ ಕುಂಟ ಮೈದುನನಾದ. ಬೇರೆ ಕೆಲಸ ಮಾಡಲಾಗದೆ ಬಾಗಿಲ ಬಳಿ ಕೂತಿರುತ್ತಾನೆ ಅಂದಾಗ ಎಲ್ಲರಿಗೂ ಸಮಾಧಾನವಾಯಿತು.

ಹೆಂಗಸರು ಸುತ್ತ ಕೂರುತ್ತಿದ್ದರು. ಗಂಡಸರು ಗೋಡೆಯಾಚೆ ಬುಟ್ಟಿ ರಿಪೇರಿ ಮಾಡುತ್ತಿದ್ದರು. ಆ ವರ್ಷ ನಮ್ಮ ಹಟ್ಟಿಯಲ್ಲಿ ರಿಪೇರಿಯಾದಷ್ಟು ಬುಟ್ಟಿ ಇಡೀ ನೀಲಗಿರಿಯಲ್ಲಿ ಆಗಿರಲಾರದು. ಚಿಕ್ಕವ್ವನಿಗೆ ಮನೆಯಿರಲಿಲ್ಲ, ತೋಟವಿರಲಿಲ್ಲ, ಮದುವೆ ಮಾತುಕತೆಗಳಲ್ಲಿ ಅವಳನ್ನು ಕೇಳುವವರಿರಲಿಲ್ಲ. ಹಟ್ಟಿಯಲ್ಲಿ ಅವಳದೆಂದು ಇದ್ದ ಜಾಗ ಆ ಕಲ್ಲು, ಆ ಒಂದು ಮಧ್ಯಾಹ್ನ.

ಒಂದು ಸೋಮವಾರ ತೂಕದ ಶೆಡ್ಡಿಗೆ ಒಂದೇ ಒಂದು ಬುಟ್ಟಿ ಬರಲಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ವಾರ, ಚಿಗುರು ತುಂಬಿ ನಿಂತಿತ್ತು. ಒಂದು ದಿನ ಬಿಟ್ಟರೆ ಬಲಿಯುತ್ತದೆ. ಹಟ್ಟಿಗೆ ಹತ್ತಿದೆ. ಗಂಗೆ ಹೆತ್ತೆಯ ಜಗಲಿಯಲ್ಲಿ ಹೆಂಗಸರೆಲ್ಲ ಬಿಳಿ ಬಟ್ಟೆ ಹೊದ್ದು ಸುಮ್ಮನೆ ಕೂತಿದ್ದರು. ಯಾವ ಮನೆಯ ಮೇಲೂ ಹೊಗೆಯಿರಲಿಲ್ಲ.

"ಎಂಗ ಹಟ್ಟಿಲಿ ಸಾವಾಗಿದೆ. ಎಲೆಗೆ ಹೋಪದು ಹೇಗೆ?" ಅಂದಳು ಹೆತ್ತೆ.

ಹಟ್ಟಿಯಲ್ಲಿ ಸಾವಾದರೆ, ಸತ್ತವರನ್ನು ಕಳಿಸಿಕೊಡುವ ತನಕ ಯಾರೂ ತೋಟಕ್ಕೆ ಇಳಿಯುವಂತಿಲ್ಲ. ಅದು ಕಟ್ಟು. ನಾನು ಭಾನುವಾರ ಊಟಿಗೆ ಹೋಗಿ, ಬೆಳಿಗ್ಗೆ ನೇರ ಶೆಡ್ಡಿಗೆ ಬಂದಿದ್ದವನು, ಎದೆ ಹಿಡಿದುಕೊಂಡು ಕೇಳಿದೆ, "ಯಾರು?"

"ಮಾಸಿ."

ನಮ್ಮಲ್ಲಿ ಮೂವರು ಮಾಸಿಯರಿದ್ದರು. ಅವರಲ್ಲೊಬ್ಬಳು ನೀರು ತಂದು ಕೊಟ್ಟು, "ನಾನಲ್ಲ" ಅಂದಳು. ಉಳಿದಿಬ್ಬರು ಜಗಲಿಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಗೊತ್ತಾಯಿತು, ಸತ್ತವಳು ಕತೆಯ ಮಾಸಿ. ಹಿಂದಿನ ಮಧ್ಯಾಹ್ನ, ಎಳೆಗೂಸನ್ನು ಬಿಟ್ಟು, ಜ್ವರದಲ್ಲಿ ಸತ್ತಿದ್ದಳು. ಇಷ್ಟು ಗಲಾಟೆಯಾದುದರಿಂದ ಚಿಕ್ಕವ್ವ ಭಾನುವಾರ ಬಂಗಲೆಗೂ ಹಿಂತಿರುಗಿರಲಿಲ್ಲ.

ನಾನು ನಗಲು ಹೋದೆ. "ನಗು," ಅಂದಳು ಹೆತ್ತೆ, "ಐದು ತಿಂಗಳು ಎಂಗ ಸಂಗಡ ಇದ್ದವಳು. ಎನ್ನ ಸ್ವಂತ ಸೊಸೆ ಅಷ್ಟು ದಿನ ಸಂಗಡ ಇರಲಿಲ್ಲೆ." ಸೊಸೆಯೂ ಅಲ್ಲೇ ಕೂತಿದ್ದಳು. ಹೌದೆಂದು ತಲೆಯಾಡಿಸಿದಳು.

ಮಧ್ಯಾಹ್ನಕ್ಕೆ ಹಟ್ಟಿಯ ಗೌಡ ಬಯಲಿನಲ್ಲಿ ಕೂಟ ಕರೆದ. ದೊಡ್ಡ ದನಿಯ, ಸಣ್ಣ ಕಾಲಿನ ಮನುಷ್ಯ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಚಿಕ್ಕವ್ವ.

"ನಂಜಿ, ಲಂಡನ್ನನ್ನೇ ಎತ್ತಿ ಕೊಯಮತ್ತೂರಿಗೆ ತಂದವಳು ನೀನು. ಒಂದು ಹೆಣ್ಣನ್ನ ಎಬ್ಬಿಸಾಕೆ ಆಗದಾ? ಸಾವಲ್ಲ, ಮೂರ್ಛೆ ಅಂತ ಹೇಳು. ಇವರು ಎಲೆಗೆ ಹೋಗಲಿ."

"ಊರ ಬದಲಿಸುವೆ, ಊಟ ಬದಲಿಸುವೆ. ಸತ್ತವಳ ಎಬ್ಬಿಸಲಾರೆ."

"ಹಾಗಾದರೆ ಇಂದಿಗೆ ನಿನ್ನ ಕತೆ ನಿಂತಿತು. ಆ ಕಲ್ಲಿನ ಮೇಲೆ ಇನ್ನು ಕೂರಬೇಡ."

ಚಿಕ್ಕವ್ವನ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಒಂದು ಸುಳ್ಳು ಹೇಳಿ ಕಲ್ಲನ್ನು ಉಳಿಸಿಕೊಳ್ಳಬಾರದೇ ಎಂದು ನನ್ನ ಗುಮಾಸ್ತ ಬುದ್ಧಿ ಒಳಗೇ ಬೇಡುತ್ತಿತ್ತು. ಅವಳು ನಿಂತಲ್ಲಿಂದ ಕದಲಲಿಲ್ಲ.

"ಮಾಸಿಯ ಕಳಿಸಿಕೊಡು ಗೌಡ. ನಾಳೆ ಬೆಳಗಾದರೆ ಎಲ್ಲಾರೂ ಎಲೆಗೆ. ಭಾನುವಾರ ನಾ ಕಲ್ಲಿಗೆ."

ಕಳಿಸಿಕೊಡುವುದೆಂದರೆ ಏನೆಂದು ಹೇಳಬೇಕು. ನಮ್ಮಲ್ಲಿ ಸತ್ತವರ ತಪ್ಪುಗಳನ್ನು ಹಿರಿಯನೊಬ್ಬ ಎಲ್ಲರೆದುರು ಒಂದೊಂದಾಗಿ ಹೇಳುತ್ತಾನೆ. ಪ್ರತಿಯೊಂದಕ್ಕೂ ನೆರೆದವರು "ಅದು ಪಾಪ" ಎನ್ನುತ್ತಾರೆ. ಹೀಗೆ ಹೇಳಿ ಮುಗಿಸಿದ ತಪ್ಪು ಸತ್ತವರ ಬೆನ್ನು ಹತ್ತುವುದಿಲ್ಲ. ನಮ್ಮ ಹಟ್ಟಿಯಲ್ಲಿ ಹೇಳುವವನು ಗೌಡನೇ.

"ಹುಟ್ಟದೇ ಇದ್ದವಳಿಗೆ ಪಾಪ ಎಲ್ಲಿಂದ ತರಲಿ? ಅವಳ ಪಾಪ ನನಗೇನ ಗೊತ್ತು?"

"ಐದು ತಿಂಗಳಿಂದ ಗೋಡೆ ಹಿಂದೆ ಏನ ಮಾಡಿದೆ?" ಅಂದಳು ಗಂಗೆ ಹೆತ್ತೆ. "ನಿನ್ನ ಮನೆಯ ಬುಟ್ಟಿ ಇನ್ನೂ ತೂತು."

ಗಂಡಸರ ಕಡೆಯಿಂದಲೇ ನಗು ಎದ್ದಿತು. ಗೌಡ ಕೋಲನ್ನು ನೆಲಕ್ಕೆ ಕುಟ್ಟಿದ. ಬೈಯುತ್ತಾನೆಂದುಕೊಂಡೆ. ಅವನು ಬೆಟ್ಟದ ಕಡೆ ನೋಡುತ್ತ, ಯಾರೊಂದಿಗೋ ಜಗಳವಾಡುವವನಂತೆ ಶುರುಮಾಡಿಯೇಬಿಟ್ಟ.

"ಅತ್ತೆಗೆ ಬಂದ ಕಾಗದ ಒಡೆದು ಓದಿದಳು."

"ಅದು ಪಾಪ," ಅಂದರು ಹೆಂಗಸರು.

"ತಂಗಿಯ ಮದುವೆಗೆ ಹೋಗಲಿಲ್ಲೆ."

"ಅದು ಪಾಪ." ಈಗ ಗಂಡಸರ ದನಿಯೂ ಸೇರಿತು.

"ಕುಂಟ ಮೈದುನನ ಕಂಡು ನಕ್ಕಳು."

"ನಕ್ಕದ್ದು ತಂಗಿ," ಅಂದಳು ಹೆತ್ತೆ.

"ಮಾಸಿಯೇ. ಬಸ್ಸು ಕೆಟ್ಟ ವಾರ. ಮಳೆ ಬರುತ್ತಿತ್ತು, ನಾನು ಸೂರಿನ ಕೆಳಗೆ ನಿಂತು ಕೇಳಿದ್ದೇನೆ."

ಎಲ್ಲರೂ ಚಿಕ್ಕವ್ವನ ಕಡೆ ತಿರುಗಿದರು. "ಮಾಸಿಯೇ," ಅಂದಳು ಅವಳು. ಹಟ್ಟಿಗೆ ಹಟ್ಟಿಯೇ "ಅದು ಪಾಪ" ಅಂದಿತು. ನಾನೂ ಅಂದೆ. ಕೆಳಗೆ ಲಾರಿ ಎರಡು ಸಲ ಹಾರನ್ ಹೊಡೆದು ಖಾಲಿಯೇ ಹೋಯಿತು. ಗೌಡ ಕೊನೆಯ ಮಾತನ್ನು, ಎಲ್ಲ ತಪ್ಪೂ ತೊಳೆದುಹೋಗಲಿ ಎಂಬುದನ್ನು, ತಲೆಯ ಬಟ್ಟೆ ಬಿಚ್ಚಿ ಕಟ್ಟುವ ನೆಪದಲ್ಲಿ ಮುಖ ಮರೆಸಿಕೊಂಡು ಹೇಳಿದ.

ಮಂಗಳವಾರ ಎಲೆ ಬಂತು, ಸ್ವಲ್ಪ ಬಲಿತೇ ಬಂತು. ಭಾನುವಾರ ಚಿಕ್ಕವ್ವ ಕಲ್ಲಿನ ಮೇಲೆ ಕೂತಳು. ಬೇಡವೆನ್ನಲು ಬರಬೇಕಾದ ಗೌಡ ಗೋಡೆಯ ಈಚೆ ಬಂದು ಕೂತ, ಬುಟ್ಟಿಯಿಲ್ಲದೆ.

ಆ ಸಂಜೆ ಅವಳನ್ನು ಬಸ್ಸಿಗೆ ಹತ್ತಿಸಲು ಹೋದೆ. ದಾರಿಯಲ್ಲಿ, ರೇಡಿಯೋದವರು ಅಂಥ ಹುಡುಗಿಯನ್ನು ಕೊಲ್ಲಬಾರದಿತ್ತು ಅಂದೆ.

"ರೇಡಿಯೋ ಕೆಟ್ಟು ಆರು ವಾರ ಆತು," ಅಂದಳು ಚಿಕ್ಕವ್ವ. "ದೊರೆಸಾನಿ ರಿಪೇರಿಗೆ ಊಟಿಗೆ ಕೊಟ್ಟವಳೆ. ಇನ್ನೂ ಬರಲಿಲ್ಲೆ."

ನಾನು ನಿಂತುಬಿಟ್ಟೆ. "ಹಾಗಾದರೆ ಮಾಸಿಯ ಕೊಂದದ್ದು ಯಾರು?"

"ನಾನೇ."

"ಮತ್ತೆ ಗೌಡ ಅಷ್ಟು ಕೇಳಿದಾಗ ಎಬ್ಬಿಸಬಹುದಿತ್ತಲ್ಲ ಚಿಕ್ಕವ್ವ. ಕಲ್ಲು ಹೋಗುತ್ತಿತ್ತು."

ಅವಳು ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಸತ್ತಳು ಅಂತ ಹೇಳುವಾಗ ಎನ್ನ ಕೈ ನಡುಗಿತು ಕಣಾ. ಕೈ ನಡುಗಿದ ಮೇಲೆ ಅದು ಆಗಿಹೋದದ್ದು. ಗೌಡ ಹೇಳಿದ ಅಂತ, ಲಾರಿ ಬಂತು ಅಂತ, ಎಬ್ಬಿಸಿದರೆ ಮುಂದಿನ ವಾರ ಎನ್ನ ಮಾತ ನಾನೇ ನಂಬೆ."

ಬಸ್ಸು ಬಂತು, ಹತ್ತಿಹೋದಳು. ಆಮೇಲೆ ಎರಡು ವರ್ಷ, ಮೈಯಲ್ಲಿ ಶಕ್ತಿಯಿರುವ ತನಕ, ಮಾಸಿಯ ಮಗುವನ್ನು ಭಾನುವಾರ ಭಾನುವಾರ ಬೆಳೆಸಿದಳು. ರೇಡಿಯೋ ಬಂತೋ ಇಲ್ಲವೋ ನಾನು ಕೇಳಲಿಲ್ಲ.

ಇಷ್ಟು ನೆನಪಾಗುವಷ್ಟರಲ್ಲಿ ಟೀವಿಯ ಹುಡುಗಿ ಎದ್ದು ಕೂತಿದ್ದಳು. ಶಾಂತಿ ಮೂಗೊರೆಸಿಕೊಳ್ಳುತ್ತಿದ್ದಳು. "ಎರವಲು ಕತೆಗೆ ಎರವಲು ಕಣ್ಣೀರು" ಎಂಬ ಹಳೆಯ ತಮಾಷೆ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಯಾವುದೋ ದೇಶದಲ್ಲಿ ಯಾರೋ ಇವಳನ್ನು ಸಾಯಿಸಿದರು, ಇಲ್ಲಿ ಯಾರೋ ಬದುಕಿಸಿದರು. ಮೇಲಿನವರು ಹೇಳಿದರೆಂದು ಬದುಕಿಸಿದರೋ, ಬದುಕಲೇಬೇಕೆಂದು ಅವರ ಕೈಯೂ ನಡುಗಿತೋ? ಹೆಸರುಗಳು ಓಡತೊಡಗಿದವು. ಎದ್ದು ತೆರೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತೆ.

"ಏನು ಹುಡುಕ್ತೀರಾ ಮಾವ?"

"ಬರೆದವರ ಹೆಸರು."

"ಅದನ್ನ ಯಾರೂ ಓದಲ್ಲ. ಸರ್ರನೆ ಹೋಗಿಬಿಡುತ್ತೆ."

ಹೋಗಿಯೇಬಿಟ್ಟಿತು. "ನಾಳೆಯೂ ಬರುತ್ತದಲ್ಲ," ಅಂದೆ. ಕನ್ನಡಕ ತೆಗೆದು, ಅಂಚಿನಿಂದ ಅಂಚಿಗೆ ಒರೆಸತೊಡಗಿದೆ.